ಹೊನ್ನೂರಮ್ಮ ಹಿಂದೆ ಕೂರಲಿಲ್ಲ

ಕೂಡ್ಲಿಗಿಯಲ್ಲಿ ಹೊನ್ನೂರಮ್ಮ ಯಾರು ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ನೈಟಿ ಹೊನ್ನೂರಮ್ಮ ಅನ್ನಿ, ಮನೆ ಬಾಗಿಲವರೆಗೂ ಕರೆದುಕೊಂಡು ಹೋಗಿ ಬಿಡುತ್ತಾರೆ. ಒಂದು ದಿನ ಕೊಟ್ಟೂರು, ಇನ್ನೊಂದು ದಿನ ಹಗರಿಬೊಮ್ಮನಹಳ್ಳಿ, ಮತ್ತೊಂದು ದಿನ ಹಡಗಲಿ. ಎಲ್ಲಿ ಸಂತೆಯೋ ಅಲ್ಲಿ ನೆಲಕ್ಕೆ ತಾಡಪತ್ರಿ ಹಾಸಿ ನೈಟಿ ಮಾರುವುದು ಅವಳ ಕಸುಬು. ಮೊದಲು ಬಟ್ಟೆಯ ಗಂಟನ್ನು ಬಸ್ಸಿಗೆ ಹಾಕುತ್ತಿದ್ದಳು. ಗಂಟು ದೊಡ್ಡದಾಗುತ್ತಾ ಹೋದಂತೆ ಬಸ್ಸಿನಲ್ಲಿ ಜಾಗ ಸಣ್ಣದಾಗುತ್ತಾ ಹೋಯಿತು. ಒಂದು ಹಳೇ ಬೈಕು ಕೊಂಡಳು. ಗಂಡ ರಾಮಾಂಜನೇಯನಿಗೆ ಗೇರ್ ಅಂದರೆ ಭಯ. ಹಾಗಾಗಿ ಇವಳೇ ಜಾಲಿಗಿಡಗಳ ಬಯಲಿನಲ್ಲಿ ಬಿದ್ದು ಎದ್ದು ಓಡಿಸುವುದನ್ನು ಕಲಿತಳು. ಸೀರೆಯ ಮೇಲೊಂದು ಗಂಡನ ಅಂಗಿ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿ ಹೊರಟರೆ ಚಹಾದಂಗಡಿಯ ಮುಂದಿನವರೆಲ್ಲ ನೋಡುತ್ತಿದ್ದರು. ನೋಡಲಿ ಬಿಡ್ರಿ ಅನ್ನುವುದು ಅವಳ ಪಾಲಿಸಿ.

ನಾನು ಅದೇ ಊರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ನಮ್ಮದೊಂದು ಬೈಕಿನವರ ಬಳಗವಿದೆ, ಹೆಸರು 'ಕರಡಿ ರೈಡರ್ಸ್'. ಎದೆಯ ಮೇಲೆ ಕರಡಿಯ ಚಿತ್ರವಿರುವ ಕಪ್ಪು ಬನಿಯನ್ ತೊಟ್ಟು ವರ್ಷಕ್ಕೆ ನಾಲ್ಕೈದು ಭಾನುವಾರ ಸುತ್ತಲಿನ ತಾಲೂಕುಗಳನ್ನು ಸುತ್ತಿ ಬರುತ್ತೇವೆ. ಗಂಡಸರು ಓಡಿಸುವುದು, ಹೆಂಡತಿಯರು ಹಿಂದೆ ಕೂರುವುದು. ಅಧ್ಯಕ್ಷ ಸಿದ್ದಲಿಂಗ ಮೊಬೈಲ್ ಅಂಗಡಿಯವನು. ಅವನ ಗಾಡಿಯ ಸದ್ದು ಅವನಿಗಿಂತ ಎರಡು ಓಣಿ ಮುಂದಿರುತ್ತದೆ.

ಈ ಸಲ ಹೊನ್ನೂರಮ್ಮ ತಾನೂ ಬರುತ್ತೇನೆ ಅಂದಳು. ಸಿದ್ದಲಿಂಗ ಅವಳ ಹಳೇ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಬಾ ಬಾ. ಆದ್ರ ಒಂದು ಮಾತು. ದಾರ್‍ಯಾಗ ಒಮ್ಮೆ ಬಿದ್ದರೂ ಗಾಡಿ ಅಲ್ಲೇ ಬಿಟ್ಟು ಯಾರದಾರ ಹಿಂದ ಕುಂದರಬೇಕು. ಮುಂದ ಬಳಗದಾಗ ಗಾಡಿ ಹೊಡೀತೀನಿ ಅನ್ನಂಗಿಲ್ಲ."

ಈ ಷರತ್ತು ನಮಗೆ ಯಾರಿಗೂ ಇರಲಿಲ್ಲ. ನನಗೆ ಮೈ ಉರಿಯಿತು. ಅವಳು ಮಾತ್ರ, "ಆತ್ರಿ ಸಿದ್ದಲಿಂಗಣ್ಣ," ಅಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ಹೊರಟೆವು. ಕೋಗಳಿ ದಾಟಿ ಇಟ್ಟಿಗಿ ಕಡೆಯ ಒಳದಾರಿ ಹಿಡಿದಾಗ ತಿರುವುಗಳು ಶುರುವಾದವು. ಹೊಲದವರು ಒಬ್ಬರ ಬದುವನ್ನೂ ಮುಟ್ಟದ ಹಾಗೆ ಬಿಟ್ಟುಕೊಟ್ಟ ದಾರಿ ಅದು, ನೆಟ್ಟಗೆ ಹೋಗು ಅಂದರೆ ಹೇಗೆ ಹೋದೀತು? ಒಂದು ತಿರುವಿನಲ್ಲಿ ಸಿದ್ದಲಿಂಗನ ಗಾಡಿ ಓಲಾಡಿತು. ಅವನು ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಹೆಂಡತಿ ಗಂಗಾಂಬಿಕಾಳನ್ನು ಬೈದ. "ಕಲ್ಲಿನಂಗ ಕುಂದ್ರು ಅಂತ ಎಷ್ಟು ಸಲ ಹೇಳಬೇಕು ನಿನಗ? ನೀ ಹೊಳ್ಳಾಡಿದ್ದಕ್ಕ ಹಿಂಗಾತು." ಆ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಹೊನ್ನೂರಮ್ಮ ಎಲ್ಲರಿಗಿಂತ ಹಿಂದೆ, ತನ್ನ ಪಾಡಿಗೆ ಬರುತ್ತಿದ್ದಳು.

ಮುಂದಿನ ತಿರುವು ತಿರುಗಿದರೆ ದಾರಿಯೇ ಇಲ್ಲ. ಈ ಕಡೆಯ ಅಂಚಿನಿಂದ ಆ ಕಡೆಯ ಅಂಚಿನವರೆಗೆ ಹುರುಳಿ. ಕಿತ್ತು ಒಣಗಿಸಿದ ಗಿಡಗಳನ್ನು ಟಾರ್ ರಸ್ತೆಯ ಮೇಲೆ ಮೊಣಕಾಲೆತ್ತರ ಹಾಸಿದ್ದರು. ಓಡಾಡುವ ಲಾರಿ, ಟ್ರಾಕ್ಟರುಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ನಮ್ಮ ಕಡೆ ಕಣ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಬೈಕಿಗೆ ಹುರುಳಿ ಅಂದರೆ ಎಣ್ಣೆ ಸುರಿದ ನೆಲವೇ ಸೈ.

"ಯಾರಬೇ ಇದನ್ನ ಹಾಕಿದ್ದು? ತಗೀರಿ!" ಸಿದ್ದಲಿಂಗ ಕೂಗಿದ.

ದಾರಿಯ ಬದಿಯಲ್ಲಿ ಹುರುಳಿ ಕಾಯುತ್ತಾ ಕೂತಿದ್ದ ಪಾಲಮ್ಮ ಅನ್ನುವ ಹಣ್ಣುಹಣ್ಣು ಮುದುಕಿ ಕೋಲು ಊರಿಕೊಂಡು ಎದ್ದಳು. "ತಗ್ಯಾಕೇನು ಹಾಸೀವಿ? ತುಳಕೊಂತ ಹೋಗಪ್ಪಾ, ನಿನಗ ಪುಣ್ಯ ಬರ್ತೈತಿ."

ವಾಪಸು ಹೋಗೋಣ ಅಂದರೆ ಅಧ್ಯಕ್ಷನ ಮರ್ಯಾದೆ ಪ್ರಶ್ನೆ. ಹೆಂಗಸರನ್ನೆಲ್ಲ ಇಳಿಸಿ ನಡೆದು ದಾಟಲು ಹೇಳಿದ. ತಾನು ಎಂಜಿನ್ ಗುಡುಗಿಸಿಕೊಂಡು ನುಗ್ಗಿದ. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಎಡಕ್ಕೆ, ಮುಂದಿನ ಗಾಲಿ ಬಲಕ್ಕೆ, ಅಧ್ಯಕ್ಷರು ಹುರುಳಿಯ ಒಳಕ್ಕೆ. ಮೆತ್ತಗಿದ್ದುದರಿಂದ ಪೆಟ್ಟಾಗಲಿಲ್ಲ. ಎದ್ದು ಗಾಡಿ ತಳ್ಳಿಕೊಂಡು ಆಚೆ ಹೋಗಿ, "ಏನೂ ಆಗಿಲ್ಲ, ಏನೂ ಆಗಿಲ್ಲ," ಅಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಾವೆಲ್ಲ ಜಾಣರು. ಗಾಡಿ ಆಫ್ ಮಾಡಿ ತಳ್ಳಿಕೊಂಡೇ ದಾಟಿದೆವು. ಕೊನೆಗೆ ಹೊನ್ನೂರಮ್ಮ ಬಂದಳು. ತಳ್ಳಲಿಲ್ಲ. ಎರಡೂ ಕಾಲು ಇಳಿಬಿಟ್ಟು ಮೆಲ್ಲಗೆ ಹೊರಟಳು. ದಾಟಿಯೇ ಬಿಡುತ್ತಾಳೆ ಅಂದುಕೊಂಡೆ. ನಮ್ಮೆದುರಿಗೇ ಧೊಪ್ಪನೆ ಬಿದ್ದಳು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತಲ್ಲ ಅಂತ ನನಗೆ ಅಳುವೇ ಬಂತು.

ಸಿದ್ದಲಿಂಗ ಕೈ ಚಾಚಿದ. "ಆತಲ್ಲ? ಮಾತಂದ್ರ ಮಾತು. ಕೀಲಿ ಕೊಡು, ಯಾರದಾರ ಹಿಂದ ಕುಂದ್ರು."

ಹೊನ್ನೂರಮ್ಮ ಮೊಣಕೈಗೆ ಅಂಟಿದ ಹೊಟ್ಟು ಒರೆಸಿಕೊಂಡಳು. ಗಾಡಿ ಎತ್ತಿ ನಿಲ್ಲಿಸಿದಳು.

"ಬಿದ್ದೀನ್ರಿ, ಇಲ್ಲ ಅನ್ನಲ್ಲ. ನನಗಿಂತ ಮೊದ್ಲ ನೀವು ಬಿದ್ದೀರಿ. ನೀವು ಯಾರ ಹಿಂದ ಕುಂದರ್ತೀರಿ ಹೇಳ್ರಿ. ಆಮ್ಯಾಲೆ ನಾನೂ ಕುಂದರ್ತೀನಿ."

"ನಂದು ಬ್ಯಾರೆ. ಹುರುಳಿಗೆ ಗಾಡಿ ಜಾರಿತು."

"ನಂದೇನು ಮಲ್ಲಿಗಿ ಹೂವಿನ ಮ್ಯಾಲೆ ಜಾರಿತೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಸಿದ್ದಲಿಂಗ ನಮ್ಮ ಕಡೆ ತಿರುಗಿದ, ನಾವು ಹೊಲದ ಕಡೆ ತಿರುಗಿದೆವು. ಅಷ್ಟರಲ್ಲಿ ಹಿಂದಿನಿಂದ ಪಾಲಮ್ಮ ಕೂಗಿದಳು. "ನೀ ಬಿದ್ದಲ್ಲಿ ಕಾಳು ಚಲೋ ಬಿಟ್ಟಾವ ನೋಡವ್ವಾ. ಇನ್ನೊಂದು ಸುತ್ತು ಹೊಡಿ!"

ಹೊನ್ನೂರಮ್ಮ ನಿಜವಾಗಿಯೂ ಗಾಡಿ ತಿರುಗಿಸಿದಳು. ಅದೇ ಹುರುಳಿಯ ಮೇಲೆ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ನಡುವೆ ಇನ್ನೊಮ್ಮೆ ಬಿದ್ದಳು. ಈ ಸಲ ಯಾರೂ ಷರತ್ತಿನ ಮಾತೆತ್ತಲಿಲ್ಲ. ಎದ್ದು, ಗೇರ್ ಹಾಕಿ, ಸಿದ್ದಲಿಂಗನನ್ನು ದಾಟಿ ಹಡಗಲಿಯ ದಿಕ್ಕಿಗೆ ಗಾಡಿ ನಿಲ್ಲಿಸಿದಳು.

"ಹಡಗಲಿ ನೋಡಿ, ಹರಪನಹಳ್ಳಿ ಮ್ಯಾಲಿಂದ ಊರಿಗೆ ನಾನು ಹೋಗಾಕಿ, ನನ್ನ ಗಾಡಿ ಮ್ಯಾಲೇ. ಬರೋರು ಬರ್ರಿ."

ಮೊದಲು ಅಲುಗಾಡಿದವಳು ಗಂಗಾಂಬಿಕಾ. ಗಂಡನ ಗಾಡಿಯ ಪಕ್ಕ ನಿಂತಿದ್ದವಳು ನಡೆದು ಬಂದು ಹೊನ್ನೂರಮ್ಮನ ಭುಜ ಹಿಡಿದು ಹಿಂದಿನ ಸೀಟಿಗೆ ಹತ್ತಿದಳು.

"ಏ, ಇಳಿ! ಆಕಿ ಕೆಡವತಾಳ!" ಸಿದ್ದಲಿಂಗ ಕಿರುಚಿದ.

"ಕೆಡವಲಿ ಬಿಡ್ರಿ," ಅಂದಳು ಗಂಗಾಂಬಿಕಾ, ಕೂತಲ್ಲಿಂದಲೇ. "ಯಾರ ಹಿಂದ ಕುಂತರೂ ಬೀಳೋದು ಐತಿ. ಈಕಿ ಕೂಡ ಬಿದ್ದರ ಬೈಸಿಕೊಳ್ಳೋದಾದ್ರೂ ತಪ್ಪತೈತಿ."