ಒಂದೇ ತೂತಿನ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿಗೆ ಇದ್ದದ್ದೇ ಎರಡು ಪೋರ್ಟು. ಎರಡೂ ಎಡಗಡೆ, ಒಂದರ ಪಕ್ಕ ಒಂದು. ಅವುಗಳಲ್ಲಿ ಒಂದು ತಂದ ಒಂದೆರಡು ತಿಂಗಳಿಗೇ ಸತ್ತಿತ್ತು. ಏನು ಚುಚ್ಚಿದರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಉಳಿದದ್ದು ಒಂದು ತೂತು. ಚಾರ್ಜರೂ ಅದಕ್ಕೇ, ಹೆಡ್‌ಫೋನೂ ಅದಕ್ಕೇ. ತೆಳ್ಳಗಿದೆ, ಹಗುರವಾಗಿದೆ ಎಂದು ಇದನ್ನು ಆರಿಸಿದವರು ನನ್ನ ಗಂಡ. ಆಗ ನಾನು ಬಸುರಿ. “ಭಾರದ್ದೆಲ್ಲ ಎತ್ತಬೇಡ ಕಣೇ. ಇದನ್ನ ತೊಡೆ ಮೇಲಿಟ್ಕೊಂಡ್ರೂ ಗೊತ್ತಾಗಲ್ಲ” ಅಂದಿದ್ದರು.

ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಹಾಗೆ ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಹೋಯಿತು, ಅಷ್ಟೆ.

ನಾವಿದ್ದದ್ದು ವಡೋದರಾದ ಒಂದು ಬಾಡಿಗೆ ಫ್ಲಾಟಿನಲ್ಲಿ. ಗಂಡನ ಕೆಲಸ ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನಲ್ಲಿ, ಕೆಮಿಕಲ್ ಫ್ಯಾಕ್ಟರಿಯೊಂದರ ಶಿಫ್ಟು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದರು, ರಜೆ ಸಿಕ್ಕಾಗ ರೈಲು ಹತ್ತಿ ಬರುತ್ತಿದ್ದರು. ನಾನು ಅಹಮದಾಬಾದಿನ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ದುಡಿಯುತ್ತಿದ್ದೆ. ಫ್ರಿಜ್ಜು, ಮಿಕ್ಸಿ ಕೆಟ್ಟಿದೆ ಎಂದು ಕರ್ನಾಟಕದವರು ಮಾಡಿದ ಫೋನ್ ಕರೆಗಳ ರೆಕಾರ್ಡಿಂಗ್ ಕೇಳಿ, ಅವರ ಮಾತನ್ನು ಇದ್ದಹಾಗೇ ಟೈಪ್ ಮಾಡಬೇಕು. ಲ್ಯಾಪ್‌ಟಾಪ್ ನನ್ನದೇ, ಕರೆಂಟೂ ನನ್ನದೇ. ಕಂಪನಿಯದ್ದು ಬರೀ ಅವಸರ.

ಆಸ್ಪತ್ರೆಯಿಂದ ಬಂದು ಸ್ವಲ್ಪ ದಿನಕ್ಕೇ ಕೆಲಸಕ್ಕೆ ಕೂತುಬಿಟ್ಟೆ. ಹೆಡ್‌ಫೋನ್ ಚುಚ್ಚಿ ಬ್ಯಾಟರಿ ಇರುವವರೆಗೆ ಕೇಳುವುದು, ಕೆಂಪು ಗುರುತು ಬಂದರೆ ಹೆಡ್‌ಫೋನ್ ಕಿತ್ತು ಚಾರ್ಜರ್ ಚುಚ್ಚುವುದು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕರೆಗಳ ಮಾತು ಬಿಡಿಸಿ ತಿಳಿಯದು, ಚಾರ್ಜಾಗುವ ತನಕ ಗೋಡೆ ನೋಡುತ್ತಾ ಕೂರುವುದು. ಪುಸ್ತಕ ಹಿಡಿಯಬಹುದಿತ್ತು, ಬಟ್ಟೆ ಮಡಿಸಬಹುದಿತ್ತು. ಏನೂ ಬೇಕೆನಿಸುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಊರಿಂದ ಫೋನ್ ಮಾಡಿದವರೆಲ್ಲ “ಅತ್ತು ಹಗುರ ಮಾಡ್ಕೊಳ್ಳಮ್ಮ” ಅನ್ನುವರು. ನಲ್ಲಿ ತಿರುಗಿಸಿದರೆ ಬರುವಂಥದ್ದಾ ಅದು? “ಹೂಂ” ಅಂದು ಇಟ್ಟುಬಿಡುತ್ತಿದ್ದೆ.

ಒಂದು ಪೆನ್‌ಡ್ರೈವ್ ಇತ್ತು. ಅದರ ವಿಷಯ ಹೇಳಬೇಕು. ಆರನೇ ತಿಂಗಳ ಸ್ಕ್ಯಾನಿಂಗ್ ದಿನ ಗಂಡನಿಗೆ ಶಿಫ್ಟ್ ಬಿಟ್ಟು ಬರಲಾಗಲಿಲ್ಲ. ಸ್ಕ್ಯಾನಿಂಗ್ ಮಾಡಿದಾಕೆ ಒಳ್ಳೆಯ ಹೆಂಗಸು, ನನ್ನ ಬ್ಯಾಗಿನಲ್ಲಿದ್ದ ಪೆನ್‌ಡ್ರೈವ್ ಇಸಿದುಕೊಂಡು ಅದಕ್ಕೇ ವೀಡಿಯೊ ಹಾಕಿಕೊಟ್ಟಳು. “ಪಪ್ಪಾ ಕೋ ದಿಖಾನಾ” ಅಂದಳು, ಅಪ್ಪನಿಗೆ ತೋರಿಸು ಅಂತ. ಮನೆಗೆ ಬಂದು ನೋಡಿದರೆ ಪೆನ್‌ಡ್ರೈವ್ ಹಳೇ ಕಾಲದ ಅಗಲ ಮೂತಿಯದು, ಲ್ಯಾಪ್‌ಟಾಪಿನದು ಹೊಸ ಕಾಲದ ಸಣ್ಣ ತೂತು. ನಮ್ಮ ಮನೆಯಲ್ಲಿ ಟೀವಿಯೂ ಇಲ್ಲ. ಒಂದು ತೂತನ್ನು ಅಗಲದ್ದೂ ಸಣ್ಣದ್ದೂ ಸೇರಿ ಮೂರು ಮಾಡುವ ಹಬ್ ತಂದು ಸಿಕ್ಕಿಸಿದರೆ ಎಲ್ಲ ಸರಿಹೋಗುತ್ತಿತ್ತು. ಗಂಡ ಪ್ರತಿ ಸಲ ಬಂದಾಗಲೂ “ಅಯ್ಯೋ, ಮರೆತೇಬಿಟ್ಟೆ” ಅನ್ನುವರು. “ಬಿಡ್ರೀ, ಏನವಸರ? ಮಗೂನೇ ಬರುತ್ತಲ್ಲ” ಅನ್ನುತ್ತಿದ್ದೆ ನಾನು.

ಮಗು ಹೋದಮೇಲೆ ಅವರು ಒಮ್ಮೆ ಮೆಲ್ಲಗೆ ಕೇಳಿದರು, “ಆ ಪೆನ್‌ಡ್ರೈವ್ ಇದೆಯಾ?”

“ಇದೆ. ಎಲ್ಲಿ ಹಾಕ್ತೀರಾ? ಜಾಗ ಎಲ್ಲಿದೆ?” ಅಂದೆ. ಅವರಿಗೆ ಅದನ್ನು ನೋಡಬೇಕಿತ್ತು, ನನಗೆ ಬೇಡವಾಗಿತ್ತು. ಆಸ್ಪತ್ರೆಯಲ್ಲೂ ಅವರ ಕೈಗೆ ಕೊಟ್ಟದ್ದು ಬಟ್ಟೆಯಲ್ಲಿ ಸುತ್ತಿದ್ದನ್ನು. ಅಲುಗಾಡುವ ಮಗುವನ್ನು ಅವರು ಒಂದು ಸಲವೂ ಕಂಡವರಲ್ಲ.

ದೀಪಾವಳಿ ಬಂತು. ಆಫೀಸಿಗೆ ಬೀಗ ಬಿತ್ತು, ಕರೆಗಳು ಮಾತ್ರ ನಿಲ್ಲಲಿಲ್ಲ. ಹಬ್ಬದಲ್ಲಿ ಮಿಕ್ಸಿ ಕೆಡುವುದು ಹೆಚ್ಚು. ಮ್ಯಾನೇಜರ್ ಮೆಸೇಜಿನ ಮೇಲೆ ಮೆಸೇಜು ಹಾಕುತ್ತಿದ್ದ. ಕೆಲಸ ಬೆಟ್ಟದಷ್ಟು ಉಳಿಯಿತು. ಸಾಕಪ್ಪಾ ಸಾಕು ಈ ಚುಚ್ಚುವುದು ಕೀಳುವುದು ಎಂದು, ಬಲಿಪಾಡ್ಯಮಿ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹಬ್ ತರಲು ಹೊರಟೆ.

ಇಷ್ಟು ವರ್ಷ ಗುಜರಾತಿನ ನೀರು ಕುಡಿದೂ ನನ್ನ ತಲೆಯೊಳಗಿನ ಕ್ಯಾಲೆಂಡರ್ ಊರಿನದ್ದೇ. ನಮ್ಮಲ್ಲಿ ಅಮಾವಾಸ್ಯೆಯ ಲಕ್ಷ್ಮೀಪೂಜೆ ಮುಗಿದರೆ ಮಾರನೇ ದಿನ ಅಂಗಡಿ ತೆರೆಯಲೇಬೇಕು. ಇಲ್ಲಿ ಬೀದಿಗೆ ಬೀದಿಯೇ ಶಟರ್ ಎಳೆದು ಮಲಗಿತ್ತು. ಪಟಾಕಿ ಕಾಗದ ಬಿಟ್ಟರೆ ರಸ್ತೆಯಲ್ಲಿ ನಾನೊಬ್ಬಳೇ. ವಾಪಸು ಬಂದರೆ, ಎದುರು ಮನೆಯ ಗುಜರಾತಿ ಹೆಂಗಸು ಹೊಸ ಸೀರೆಯುಟ್ಟು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

“ಸಾಲ್ ಮುಬಾರಕ್, ಬೆನ್! ಕಹಾಂ ಗಯೀ ಥೀ?”

ಅವರಿಗೆ ಅವತ್ತು ಹೊಸ ವರ್ಷ. ಅಂಗಡಿಗೆ ಅಂದೆ. ನಕ್ಕುಬಿಟ್ಟಳು. “ಅಬ್ ತೋ ಲಾಭ ಪಾಂಚಮ್ ಕೋ ಹೀ ಖುಲೇಗಾ.” ಪಂಚಮಿಯ ದಿನ ಪೂಜೆ ಮಾಡಿ ಮುಹೂರ್ತದಲ್ಲಿ ಶಟರ್ ಎತ್ತುವವರೆಗೆ ಇಲ್ಲಿ ಯಾರೂ ವ್ಯಾಪಾರ ಮಾಡುವುದಿಲ್ಲವಂತೆ. ಪ್ರತಿ ವರ್ಷ ನೋಡಿಯೂ ಮರೆಯುತ್ತೇನೆ, ನನ್ನ ಬುದ್ಧಿಗಿಷ್ಟು. ಆನ್‌ಲೈನಿನಲ್ಲೂ ಪಂಚಮಿ ಆದಮೇಲಿನ ತಾರೀಖೇ ತೋರಿಸಿತು. ಬೇಜಾರಾಗಬೇಕಿತ್ತು. ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಅವಳು ಕೊಟ್ಟ ಘುಘರಾ, ಅಂದರೆ ನಮ್ಮ ಕರ್ಜಿಕಾಯಿಯೇ, ಒಂದು ತಿಂದು ಮತ್ತೆ ಚಾರ್ಜರ್ ಕಿತ್ತೆ.

ಗಂಡನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಫ್ಯಾಕ್ಟರಿಗೆ ಹಬ್ಬವಿಲ್ಲ, ಅವರು ಅಲ್ಲೇ ಇದ್ದರು.

“ನಾನು ತರ್ತೀನಿ ಬಿಡು” ಅಂದರು.

“ಬೇಡ, ನಡೀತಿದೆ” ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಲಾಭ ಪಂಚಮಿಯ ಮಧ್ಯಾಹ್ನ ಬಂದೇಬಿಟ್ಟರು. ಗಡ್ಡ ಬೋಳಿಸಿರಲಿಲ್ಲ, ರಾತ್ರಿ ಪಾಳಿ ಮುಗಿಸಿ ನೇರ ಸೂರತ್ತಿಗೆ ಹೋಗಿ ಅಂಗಡಿಯ ಮುಂದೆ ನಿಂತಿದ್ದರಂತೆ. ಪೂಜೆ ಮುಗಿದು ಶಟರ್ ಎತ್ತಿದ ಕೂಡಲೇ ಬೋಣಿ ಇವರದ್ದೇ. ಡಬ್ಬದ ಮೇಲೆ ಅಂಗಡಿಯವನು ಇಟ್ಟ ಕುಂಕುಮ ಇನ್ನೂ ಇತ್ತು. ಎಷ್ಟೋ ತಿಂಗಳು ಮರೆತ ಮನುಷ್ಯ ಇವತ್ತು ಊಟವನ್ನೂ ಕೇಳದೆ ಹಬ್ ಸಿಕ್ಕಿಸಿ, ಚಾರ್ಜರ್ ಚುಚ್ಚಿ, ಹೆಡ್‌ಫೋನ್ ಚುಚ್ಚಿ, “ನೋಡು, ಇನ್ನು ಕೀಳೋದೇ ಬೇಡ” ಅಂದರು. ನಾನು ಹೆಡ್‌ಫೋನ್ ಹಾಕಿಕೊಂಡು ಯಾರದೋ ಫ್ರಿಜ್ಜಿನ ಗೋಳು ಟೈಪ್ ಮಾಡತೊಡಗಿದೆ. ಅವರು ಬೆನ್ನ ಹಿಂದೆ ನಿಂತೇ ಇದ್ದರು. ಒಂದು ಕಿವಿ ಸರಿಸಿ “ಏನ್ರೀ?” ಅಂದೆ.

“ಇನ್ನೊಂದು ಖಾಲಿ ಇದೆ.”

“ಇರಲಿ.”

“ಅದನ್ನ ಹಾಕ್ಲಾ?”

ಸಿಟ್ಟು ನೆತ್ತಿಗೇರಿತು. “ಈಗ ನೋಡಿ ಏನಾಗಬೇಕು? ನೋಡಿದ್ರೆ ಎದ್ದು ಬರುತ್ತಾ?”

ಅವರು ಜೋರಾಗಿ ಮಾತಾಡಲಿಲ್ಲ. “ನಿಂಗೆ ಅದು ಒದ್ದಿದೆ, ಹೊರಳಿದೆ. ಏಳು ತಿಂಗಳು ಜೊತೇಲಿತ್ತು. ನನಗೇನಿದೆ ಹೇಳು?”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎದ್ದು ಹೋಗಿ ಬಳೆ ಡಬ್ಬಿಯಿಂದ ಪೆನ್‌ಡ್ರೈವ್ ತಂದು ಅವರ ಕೈಗಿಟ್ಟೆ. ಅವರು ಹಾಕಿದರು. ಮತ್ತೆ ಹೆಡ್‌ಫೋನ್ ಕಿವಿಗೇರಿಸಿ ನಾನೇ ವೀಡಿಯೊ ತೆರೆದೆ. ಬೂದು ಬಣ್ಣದ ಮಸುಕು ಅಲುಗತೊಡಗಿತು. ಅವರು ಕುರ್ಚಿ ಎಳೆದುಕೊಳ್ಳಲಿಲ್ಲ, ನೆಲದ ಮೇಲೆ ಮಂಡಿಯೂರಿ ಪರದೆಗೆ ಮುಖವಿಟ್ಟರು.

“ಇದು ಕೈಯಾ?”

“ಕಾಲು.”

“ಎಷ್ಟು ಉದ್ದ ಇದೆ” ಅಂದರು. ಆಮೇಲೆ, “ಇದಕ್ಕೆ ಶಬ್ದ ಇಲ್ವಾ?” ಅಂತ ಕೇಳಿದರು.

ಇತ್ತು. ಹೆಡ್‌ಫೋನಿನಲ್ಲಿ ಬರುತ್ತಿತ್ತು, ನನ್ನ ಎರಡೂ ಕಿವಿಗೆ. ಓಡಿ ಬಂದವರ ಎದೆಯ ಹಾಗೆ ಡಬಡಬ ಹೊಡೆದುಕೊಳ್ಳುತ್ತಿತ್ತು. ನಾನು ಒಂದು ಗಳಿಗೆ ಅವರಿಗೆ ಏನೂ ಹೇಳದೆ ಕೇಳಿಸಿಕೊಂಡೆ. ಆಮೇಲೆ ಹಬ್‌ನಿಂದ ಹೆಡ್‌ಫೋನಿನ ವೈರು ಕಿತ್ತೆ.

ಶಬ್ದ ರೂಮಿಗೆಲ್ಲ ಬಂತು. ಅವರು ಕೀಬೋರ್ಡಿನ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು, ಪರದೆ ನೋಡಲೂ ಇಲ್ಲ. ಹಾಗೇ ಅಳುತ್ತಾ ಕೊನೆಯವರೆಗೆ ಕೇಳಿದರು.

“ಇನ್ನೊಂದು ಸಲ ಹಾಕು” ಅಂದರು.

ಹಾಕಿದೆ.