ಎಂಟು ಪುಟವಾದರೂ ಕಳುವಾಗದ ಎಮ್ಮೆ

ದೊಡವಾಡದ ಗೌಂಡಿ ಲಗಮಣ್ಣ ಕಟ್ಟಿದ ಗೋಡೆ ಸೊಟ್ಟಗಾದದ್ದನ್ನು ನಾನು ಕಂಡಿಲ್ಲ. ಅವನ ಮಾತು ಚಿಕ್ಕದಾದದ್ದನ್ನೂ ಕಂಡಿಲ್ಲ. ಹಗಲು ಇಟ್ಟಂಗಿ, ಸಂಜೆ ದೊಡ್ಡಾಟದ ತಾಲೀಮು. ಮೂವತ್ತು ವರ್ಷ ಊರೂರಿಗೆ ಆಟ ಕಲಿಸಿದ. ಹ್ಯಾಂಡ್‌ಬಿಲ್ಲಿನಲ್ಲಿ ಕುಣಿದವರ ಹೆಸರು, ಪೆಂಡಾಲು ಹಾಕಿಸಿದವರ ಹೆಸರು, ಚಹಾ ಕೊಟ್ಟವರ ಹೆಸರು ಎಲ್ಲ ಇರುತ್ತಿದ್ದವು, ಕಲಿಸಿದವನದೊಂದು ಬಿಟ್ಟು. ಆ ಹ್ಯಾಂಡ್‌ಬಿಲ್ಲುಗಳನ್ನು ಪ್ರತಿ ಮಾಡುತ್ತಿದ್ದದ್ದು ನನ್ನ ಝೆರಾಕ್ಸ್ ಅಂಗಡಿಯಲ್ಲೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲಗಮಣ್ಣ ಎರಡು ಸಲ ಓದಿ, ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಅವನ ಮಗಳು ಸ್ನೇಹಲ್ ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಾಳೆ. ಅಲ್ಲಿನ ಮಕ್ಕಳ ಮಾಸಿಕವೊಂದು ಅವಳಿಗೆ ಎಂಟು ಪುಟದ ಕಾಮಿಕ್ಸ್ ಮಾಡಿಕೊಡಲು ಹೇಳಿತು. "ಕಥಿ ನಮ್ಮಪ್ಪ ಬರೀತಾನರಿ" ಎಂದು ಹೇಳಿಯೇ ಬಂದಳು ಹುಡುಗಿ. ಸಂಪಾದಕರು ಒಪ್ಪಿದರು, ಆದರೆ ಸೋಮವಾರದೊಳಗೆ ಕಥೆ ಎಂಟೇ ಪುಟಕ್ಕೆ ಕೂರಬೇಕು. ಇಲ್ಲದಿದ್ದರೆ ಚಿತ್ರ ಇವಳದು, ಕಥೆ ಬೇರೆಯವರದು. ಲಗಮಣ್ಣನ ಹೆಸರು ಮತ್ತೆ ಹೊರಗೆ.

ಶುಕ್ರವಾರ ಅವನು ಕೆಲಸ ಬಿಟ್ಟು, ನೂಲು ಹಿಡಿದು, ಮಟ್ಟ ನೋಡಿ, ತನ್ನ ಮನೆಯ ಪಡಸಾಲೆ ಗೋಡೆಯ ಮೇಲೆ ಇದ್ದಲಿಯಿಂದ ಪುಟಕ್ಕೊಂದರಂತೆ ಎಂಟು ಚೌಕ ಹೊಡೆದ. ಕಥೆ ಸರಳ: ಚಚಡಿ ಊರಿನ ಹುಡುಗಿಯೊಬ್ಬಳ ಎಮ್ಮೆ ಕಳುವಾಗುತ್ತದೆ, ಅವಳು ಕಳ್ಳನನ್ನು ಹಿಡಿಯುತ್ತಾಳೆ. ಅವನು ಹೇಳುತ್ತ ಹೋದ, ಮಗಳು ಗೀಚುತ್ತ ಹೋದಳು. ನಾನು ಅಂಗಡಿಗೆ ಬೀಗ ಜಡಿದು ಹೋಗಿ ಕೂತೆ. ಇಂಥ ತಮಾಷೆ ಬಿಟ್ಟು ಯಾವನು ಝೆರಾಕ್ಸ್ ಹೊಡೆಯುತ್ತಾನೆ?

ಶನಿವಾರ ಸಂಜೆಗೆ ಎಂಟೂ ಚೌಕ ತುಂಬಿದವು. ಎಮ್ಮೆ ಇನ್ನೂ ಗೂಟದಲ್ಲೇ ಇತ್ತು!

ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಆಟ ನಡೆಸುವ ಸಾರಥಿ "ಬಂದಂಥವರು ತಾವು ದಾರು?" ಎಂದು ಕೇಳಬೇಕು. ಪಾತ್ರ ತನ್ನ ಊರು, ವಂಶ, ಪರಾಕ್ರಮವನ್ನೆಲ್ಲ ಹೇಳಿಕೊಳ್ಳಬೇಕು. ಲಗಮಣ್ಣ ಕಾಮಿಕ್ಸಿಗೂ ಸಾರಥಿಯನ್ನು ಕರೆತಂದಿದ್ದ. ಒಂದನೇ ಪುಟ ಹುಡುಗಿಗೆ. ಎರಡು, ಮೂರು ಎಮ್ಮೆಗೆ: ಅದರ ತವರುಮನೆ, ಅದರ ಅಜ್ಜಿಯ ಹಾಲಿನ ಖ್ಯಾತಿ. ನಾಯಿಗೆ ಒಂದು, ಗೌಡರಿಗೆ ಎರಡು. ಏಳು, ಎಂಟರಲ್ಲಿ ಕಳ್ಳ ಎದೆ ತಟ್ಟಿಕೊಂಡು ಮುತ್ತಜ್ಜನ ಕಳವುಗಳನ್ನು ಹೊಗಳುತ್ತ ನಿಂತಿದ್ದ.

"ಅಪ್ಪಾ, ಎಮ್ಮಿ ಕಳುವಾಗೂದು ಯಾವಾಗ?" ಎಂದಳು ಸ್ನೇಹಲ್.

"ಹೆಸರ ಹೇಳದ ಹೆಂಗವಾ ಕದೀತಾನ? ಕಳ್ಳಗ ಮರ್ಯಾದಿ ಇರೂದಿಲ್ಲೇನು?"

"ನಾಯೀದರ ತಗಿ."

"ನಾಯಿ ಹೋದ್ರ ಕಥೀನ ಹೋತು!"

"ಹಂಗಾರ ಬ್ಯಾರೇದವರ ಕಥೀಗೆ ಚಿತ್ರಾ ತಗೀತೇನಿ. ಈ ಸಲಾನೂ ನಿನ್ನ ಹೆಸರ ಬರೂದಿಲ್ಲ, ತಿಳೀತಿಲ್ಲೊ?" ಎಂದು ಇದ್ದಲಿ ಎಸೆದು, ಅತ್ತುಬಿಟ್ಟಳು.

ಲಗಮಣ್ಣನ ಮುಖ ಸಣ್ಣಗಾಯಿತು. ನನಗೆ ತಡೆಯಲಿಲ್ಲ. "ಇಷ್ಟ ಮಂದಿ ಮಾತಾಡೂದ್ರಾಗ ಯಾರರ ಎಮ್ಮಿ ಹೊಡಕೊಂಡ ಹೋದ್ರೂ ಗೊತ್ತಾಗೂದಿಲ್ಲ ಬಿಡೊ!" ಎಂದು ರೇಗಿದೆ.

ತಂದೆ, ಮಗಳು ಒಬ್ಬರನ್ನೊಬ್ಬರು ನೋಡಿದರು. ಮರುಕ್ಷಣ ಇಬ್ಬರೂ ಗೋಡೆಗೆ ಮುಗಿಬಿದ್ದರು.

ಈಗ ಗೌಡರು ಬಿರುದು ಹೇಳುತ್ತಿದ್ದಾರೆ, ಅವರ ಹಿಂದೆ ಕಳ್ಳ ಗೂಟ ಕೀಳುತ್ತಿದ್ದಾನೆ. ನಾಯಿ ವಂಶ ಹೇಳುತ್ತಿದೆ, ಎಮ್ಮೆಯ ಬಾಲ ಚೌಕದಾಚೆ ಹೋಗುತ್ತಿದೆ. ಎಂಟನೇ ಪುಟದಲ್ಲಿ ಕಳ್ಳ ಊರ ಅಗಸಿ ಬಾಗಿಲು ದಾಟುತ್ತಾನೆ. ಹುಡುಗಿ ಬೆನ್ನಟ್ಟುವುದಿಲ್ಲ, ನಿಂತಲ್ಲೇ ಕೂಗುತ್ತಾಳೆ: "ಬಂದಂಥವರು ತಾವು ದಾರು?" ಕಳ್ಳನ ಕಾಲು ಕಟ್ಟಿಹಾಕಿದಂತೆ ನಿಂತುಬಿಡುತ್ತದೆ. ನಮ್ಮ ಕಡೆಯ ಕಳ್ಳ, ಪಾಪ! ಎದೆ ಉಬ್ಬಿಸಿ ಶುರುಮಾಡುತ್ತಾನೆ. ಅಜ್ಜನ ಹೆಸರು ಮುಗಿಯುವಷ್ಟರಲ್ಲಿ ಸುತ್ತ ಊರೇ ನೆರೆದಿರುತ್ತದೆ.

ಲಗಮಣ್ಣ ಕುಣಿದ. ಸ್ನೇಹಲ್ ಕುಣಿದಳು. ಈ ಹಾಳು ಮೊಣಕಾಲು ಇಟ್ಟುಕೊಂಡು ನಾನೂ ಕುಣಿದೆ. ಗೋಡೆಯ ಫೋಟೊ ಹೊಡೆದು ಕಳಿಸಿದೆವು.

ಸೋಮವಾರ ಸಂಪಾದಕರ ಫೋನು ಬಂತು. ಸ್ನೇಹಲ್ ಸ್ಪೀಕರ್ ಹಾಕಿದಳು. ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ, ಕಥೆ ಒಪ್ಪಿಗೆಯಂತೆ. ಮೊದಲ ಪುಟದಲ್ಲಿ ಹಾಕಲು ಇಬ್ಬರ ಹೆಸರನ್ನೂ ಕೇಳಿದರು. ಅವಳು ಎರಡೂ ಹೆಸರು ಹೇಳಿದಳು. ಲಗಮಣ್ಣ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ:

"ಜಾಗಾ ಸಾಲದಿದ್ರ ನಂದ ತಗೀರಿ ಅನ್ನವಾ. ನಿಂದಿರಲಿ."

ಸ್ನೇಹಲ್ ಅವನ ಕೈ ಸರಿಸಿದಳು. "ಸಾಹೇಬ್ರ, ನಮ್ಮಪ್ಪನ ಹೆಸರ ಮೊದಲ ಹಾಕ್ರಿ, ದೊಡ್ಡ ಅಕ್ಷರದಾಗ. ಜಾಗಾ ಸಾಲದಿದ್ರ ನಾ ಎಮ್ಮಿ ಸಣ್ಣದ ಮಾಡತೇನಿ."