ಹರಿಯಲೊಲ್ಲದ ಚೀಲ

ನಮ್ಮ ಬೀದಿಯ ಚೀಲದಕ್ಕ ಹೊಲಿದ ಚೀಲ ಹರಿದದ್ದನ್ನು ಕಂಡವರು ಯಾರೂ ಇಲ್ಲ. ಕಂಡೆ ಅನ್ನುವವರು ಸುಳ್ಳು ಹೇಳುತ್ತಾರೆ. ಹೇಳುವುದಾದರೆ ನನ್ನ ಹತ್ತಿರ ಬಂದು ಚೆನ್ನಾಗಿ ಹೇಳುವುದನ್ನು ಕಲಿತುಕೊಂಡು ಹೋಗಲಿ. ಆ ಚೀಲದಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಹೊತ್ತವರಿದ್ದಾರೆ. ಅದರ ಹಿಡಿಗೆ ಹಗ್ಗ ಕಟ್ಟಿ ಕೆಟ್ಟುನಿಂತ ಕಾರನ್ನು ಗ್ಯಾರೇಜಿನವರೆಗೆ ಎಳೆದವರಿದ್ದಾರೆ. ಮೆಕ್ಯಾನಿಕ್ ಕಾರನ್ನು ನೋಡಿ ಇದು ಗುಜರಿಗೇ ಸೈ ಅಂದನಂತೆ, ಚೀಲವನ್ನು ಮಾತ್ರ ತಾನೇ ಇಟ್ಟುಕೊಂಡನಂತೆ. ಮೂರನೇ ಮನೆಯ ಮಗು ಅದರಲ್ಲಿ ತೂಗಿಸಿಕೊಂಡೇ ಬೆಳೆದು ಈಗ ಶಾಲೆಗೆ ಹೋಗುತ್ತಿದೆ. ಪುಸ್ತಕ ಒಯ್ಯುವುದೂ ಅದೇ ಚೀಲದಲ್ಲಿ.

ಗುಟ್ಟು ಏನೂ ಇಲ್ಲ. ಉಳಿದವರು ಒಂದು ಹೊಲಿಗೆ ಹಾಕುವ ಕಡೆ ಚೀಲದಕ್ಕ ಎರಡು ಹಾಕುತ್ತಾಳೆ. ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಒಂದು, ಮತ್ತೆ ಮಡಚಿ ಇನ್ನೊಂದು. ಹಿಡಿ ಬಂದು ಸೇರುವ ಜಾಗದಲ್ಲಿ ಒಂದು ಚೌಕ, ಚೌಕದೊಳಗೆ ಒಂದು ಗುಣಿಸು ಗುರುತು. ಆಮೇಲೆ ಹತ್ತು ಚೀಲಕ್ಕೊಂದರಂತೆ ಪರೀಕ್ಷೆ. ಬಾಗಿಲ ಮೇಲಿನ ಕಬ್ಬಿಣದ ಕೊಕ್ಕೆಗೆ ಚೀಲವನ್ನು ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು ತಾನೇ ಜೋತುಬೀಳುತ್ತಾಳೆ. ಅವಳ ತೂಕ ಎಷ್ಟೆಂದು ಬರೆಯುವ ಧೈರ್ಯ ನನಗಿಲ್ಲ. ಎದುರು ಮನೆಯಲ್ಲಿ ಬಾಳಬೇಕಾದವನು. ಕೊಕ್ಕೆಯನ್ನು ಎರಡು ಸಲ ಬದಲಾಯಿಸಿದ್ದಾರೆ ಎಂದಷ್ಟೇ ಹೇಳುತ್ತೇನೆ.

ಅವಳ ಕಾರ್ಖಾನೆ ಅಂದರೆ ಹಿಂದೆ ಕಾರು ನಿಲ್ಲಿಸುತ್ತಿದ್ದ ಒಂದು ಉದ್ದನೆಯ ಕೋಣೆ. ಕಿಟಕಿಯ ಕೆಳಗೆ ಮೂರು ಹೊಲಿಗೆ ಮಷೀನು. ಒಂದು ಅವಳದು, ಒಂದು ಪಕ್ಕದ ಮನೆಯ ಹೆಂಗಸಿನದು, ಇನ್ನೊಂದು ನಾದಿನಿಯದು. ಬಟ್ಟೆ ಕತ್ತರಿಸುವುದೂ ಈ ನಾದಿನಿಯೇ. ಕೈಯಲ್ಲಿ ಕತ್ತರಿ, ಅದಕ್ಕಿಂತ ಹರಿತವಾದದ್ದು ಬಾಯಲ್ಲಿ. ಕೋಣೆಯ ಹಿಂಭಾಗದಲ್ಲಿ ಚೀಲದಕ್ಕನ ಗಂಡನ ಅಚ್ಚಿನ ಮೇಜು. ಜಾಲರಿ ಬಿಗಿದ ಮರದ ಚೌಕಟ್ಟು, ಬಣ್ಣದ ಡಬ್ಬಗಳು, ಬಣ್ಣ ಎಳೆಯುವ ರಬ್ಬರ್ ಪಟ್ಟಿ, ಗೋಡೆಯಿಂದ ಗೋಡೆಗೆ ತಂತಿ, ತಂತಿಯ ತುಂಬ ಒಣಗಲು ಹಾಕಿದ ಚೀಲಗಳು. ಆ ಪುಣ್ಯಾತ್ಮ ವರ್ಷಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಚುನಾವಣೆ ಬಂದಾಗ ಅವನ ಬೆರಳು ನೋಡಿದರೆ ಸಾಕು, ಈ ವಾರ ಯಾವ ಬಣ್ಣದವರ ಗಾಳಿ ಬೀಸುತ್ತಿದೆ ಎಂದು ತಿಳಿಯುತ್ತದೆ. ನಾನು ಪತ್ರಿಕೆ ನಿಲ್ಲಿಸಿದ್ದು ಅದಕ್ಕೇ.

ಆ ಚುನಾವಣೆಗಳಲ್ಲಿ ಒಂದರಲ್ಲಿ ಬಂದವನು ಮಾತಣ್ಣ. ಮೊದಲ ಸಲ ನಿಂತಾಗ ಅವನನ್ನು ಅವನ ಬೀದಿಯ ನಾಯಿಯೂ ಗುರುತಿಸುತ್ತಿರಲಿಲ್ಲ. ಪ್ರಚಾರಕ್ಕೆಂದು ಗೊತ್ತುಮಾಡಿಕೊಂಡ ಮ್ಯಾನೇಜರು, ಸೆಂಟಿನ ವಾಸನೆ ತನಗಿಂತ ಹತ್ತು ಹೆಜ್ಜೆ ಮುಂದೆ ಬರುವಂಥ ಮನುಷ್ಯ, ಅವನಿಗೆ ಉಪದೇಶ ಮಾಡಿದ. ಜನ ಆಸಾಮಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಸಾಮಾನನ್ನು ನೆನಪಿಟ್ಟುಕೊಳ್ಳುತ್ತಾರೆ. ಆದ್ದರಿಂದ ಒಂದು ಬಣ್ಣ, ಒಂದು ಭಂಗಿ, ಒಂದು ವಾಕ್ಯ ಸಾಕು ಎಂದು. ಅಲ್ಲಿಂದ ಅವನು ಅಡಿಯಿಂದ ಮುಡಿಯವರೆಗೆ ತಿಳಿನೀಲಿಯಾದ. ತಿಳಿನೀಲಿ ಅಂಗಿ, ತಿಳಿನೀಲಿ ಟೋಪಿ, ತಿಳಿನೀಲಿ ಕೊಡೆ, ಬೀಸಣಿಗೆ, ಕೀ ಚೈನು. ಭಾಷಣದ ಕೊನೆಗೆ ಎಡ ಅಂಗೈ ಮೇಲೆ ಬಲಗೈ ತಟ್ಟಿ "ಮಾತು ಅಂದ್ರೆ" ಎಂದು ನಿಲ್ಲಿಸುತ್ತಿದ್ದ. "ಮಾತು!" ಎಂದು ಜನ ಮುಗಿಸುತ್ತಿದ್ದರು. ತಿಂಗಳೊಳಗೆ ಈ ವಾಕ್ಯ ಅವನಿಗೆ ಎಷ್ಟು ಅಂಟಿತೆಂದರೆ, ಡಾಕ್ಟರು ಗಂಟಲು ನೋಡಲು ಆ ಅನ್ನಿ ಅಂದರೆ ಇವನು ಮಾತು ಅಂದ್ರೆ ಅಂದನಂತೆ, ಹೊರಗೆ ಕೂತ ರೋಗಿಗಳು ಮಾತು ಅಂದರಂತೆ. ಮಾತಣ್ಣ ಎಂಬ ಹೆಸರು ಹಾಗೆ ಬಂತು.

ಚೀಲದಕ್ಕ ಆ ಸಲ ಅವನಿಗೆ ಐದು ಸಾವಿರ ಚೀಲ ಮಾಡಿಕೊಟ್ಟಳು. ಮುಂದೆ ಮಾತಣ್ಣನ ಮುಖ ಮತ್ತು ಆ ವಾಕ್ಯ. ಹಿಂದೆ, ದಪ್ಪ ಕಪ್ಪಕ್ಷರದಲ್ಲಿ: "ರೈಲು ಹಳಿಯ ಮೇಲೆ ಕಾಲುಸೇತುವೆ, ಎರಡೇ ವರ್ಷದಲ್ಲಿ." ಊರನ್ನು ಎರಡು ಹೋಳು ಮಾಡಿ ಹೋಗುವ ಆ ಹಳಿಯ ಗೇಟಿನಲ್ಲಿ ಕಾದೇ ಅರ್ಧ ಆಯುಷ್ಯ ಕಳೆದ ಜನ ನಾವು. ಮಾತಣ್ಣ ಗೆದ್ದ.

ಟೋಪಿಗಳು ಮೊದಲ ಬಿಸಿಲಿಗೇ ಬಿಳಿಚಿದವು. ಕೊಡೆಗಳು ಮೊದಲ ಗಾಳಿಗೆ ಮೇಲ್ಮುಖವಾಗಿ ಅರಳಿದವು. ಕೀ ಚೈನುಗಳು ಕೀಗಳನ್ನೂ ಕರೆದುಕೊಂಡು ಕಾಣೆಯಾದವು. ಪ್ರಚಾರದ ಸಾಮಾನಿನ ಜಾತಕವೇ ಅದು. ಗೆದ್ದ ಮೇಲೆ ಅದು ಉಳಿಯಬಾರದು. ಆದರೆ ಚೀಲಗಳು ಉಳಿದವು. ಎರಡು ವರ್ಷವಾಯಿತು, ಮೂರಾಯಿತು, ಐದಾಯಿತು, ಸೇತುವೆ ಬರಲಿಲ್ಲ. ತರಕಾರಿ ಮಾರ್ಕೆಟ್ಟಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ಸಿನ ಸೀಟಿನ ಕೆಳಗೆ, ಎಲ್ಲಿ ನೋಡಿದರೂ "ಎರಡೇ ವರ್ಷದಲ್ಲಿ". ಗೇಟು ಬಿದ್ದಾಗಲಂತೂ ಎಂಬತ್ತು ಜನ ಎಂಬತ್ತು ಚೀಲ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಹಾದುಹೋಗುವ ರೈಲಿನವರು ಅದನ್ನು ಓದಿ ನಕ್ಕು, ಮುಂದಿನ ಊರುಗಳಲ್ಲೂ ಹೇಳಿಕೊಂಡು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗಾದೆ ಮಾಡಿದವನಿಗೆ ಚೀಲದಕ್ಕನ ಪರಿಚಯ ಇರಲಿಲ್ಲ.

ಮುಂದಿನ ಚುನಾವಣೆಗೆ ಮ್ಯಾನೇಜರು ಮತ್ತೆ ಬಂದ. ಈ ಸಲ ಹತ್ತು ಸಾವಿರ ಚೀಲ ಬೇಕು, ಆದರೆ ಒಂದು ಷರತ್ತು.

"ಮೂರು ವಾರ ತಡೆದ್ರೆ ಸಾಕಮ್ಮ," ಎಂದ. "ವೋಟು ಹಾಕಿ ಮನೆಗೆ ಬರೋ ಹೊತ್ತಿಗೆ ಹಿಡಿ ಕಿತ್ತು ಬಂದ್ರೆ ಇನ್ನೂ ಒಳ್ಳೇದು."

ಆಗದಿದ್ದರೆ ಹೊರಗಡೆಯ ಒಂದು ಫ್ಯಾಕ್ಟರಿ ಸೊಳ್ಳೆ ಪರದೆಯಂಥ ಚೀಲ ಮಾಡಿಕೊಡಲು ಕಾದು ಕೂತಿದೆ ಎಂದೂ ಹೇಳಿದ. ಚೀಲದಕ್ಕ ಕಿಟಕಿಯ ಕಡೆ ನೋಡಿದಳು. ಮೂರು ಮಷೀನಿನಲ್ಲಿ ಎರಡು ಹೊದಿಕೆ ಹೊದ್ದು ಮಲಗಿ ಆರು ತಿಂಗಳಾಗಿತ್ತು. ಈ ಆರ್ಡರ್ ತಪ್ಪಿದರೆ ನಾದಿನಿಯೂ ಪಕ್ಕದ ಮನೆಯವಳೂ ಬೇರೆ ಕಡೆ ಕೆಲಸ ಹುಡುಕಬೇಕು. ಕೋಣೆಯಲ್ಲಿ ಉಳಿಯುವುದು ಒಂದು ಮಷೀನು, ಒಬ್ಬ ಮೂಕ ಗಂಡ. ಆಗಲಿ, ನಾಳೆ ಮಾದರಿ ಹೊಲಿದಿಡುತ್ತೇನೆ ಎಂದಳು.

ಹೊಲಿದಳು. ಒಂದೇ ಹೊಲಿಗೆ. ಮ್ಯಾನೇಜರು ಬಂದು ಜಗ್ಗಿದ, ಚೀಲ ಜಪ್ಪೆನ್ನಲಿಲ್ಲ. ತಿರುಗಿಸಿ ನೋಡಿದರೆ ಅಂಚನ್ನು ಎಂದಿನಂತೆ ಎರಡು ಮಡಿಕೆ ಮಡಚಿದ್ದಳು. ಎರಡನೆಯ ಮಾದರಿಯನ್ನು ಮುಟ್ಟಿದರೆ ಹರಿಯುವ ಜಳ್ಳು ದಾರದಲ್ಲಿ ಹೊಲಿದಳು. ಹಿಡಿಯ ಹತ್ತಿರ ಬಂದಾಗ ಕೈ ತಾನಾಗಿಯೇ ಚೌಕ ಹಾಕಿ ಗುಣಿಸು ಗುರುತನ್ನೂ ಹಾಕಿಬಿಟ್ಟಿತು. ಮೂರನೆಯದಕ್ಕೆ ನಾದಿನಿಯೇ ಅಳತೆಕೋಲು ಹಿಡಿದು ಪಕ್ಕದಲ್ಲಿ ಕೂತಳು, ಕೈ ಹೆಚ್ಚಿನ ಹೊಲಿಗೆಗೆ ಹೊರಟರೆ ಬಾರಿಸಲು. ಬಾರಿಸಿ ಬಾರಿಸಿ ಅವಳ ಕೈ ಸೋತಿತು. ಈ ಸಲ ಮ್ಯಾನೇಜರು ಒಂದು ಕಡೆ, ಅವನ ಡ್ರೈವರು ಇನ್ನೊಂದು ಕಡೆ ನಿಂತು ಹಗ್ಗಜಗ್ಗಾಟ ಆಡಿದರು. ಬೀದಿಯೆಲ್ಲ ಬಂದು ಬಾಗಿಲಲ್ಲಿ ನಿಂತಿತು. ಕೊನೆಗೆ ಹರಿದದ್ದು ಮ್ಯಾನೇಜರ ಅಂಗಿಯ ಹೆಗಲು. ಡ್ರೈವರು ಹಿಂದಕ್ಕೆ ಹೋಗಿ ತಿಳಿನೀಲಿ ಬಣ್ಣದ ಡಬ್ಬದಲ್ಲಿ ಕೂತ. ಅವನ ಪ್ಯಾಂಟು ಆ ಚುನಾವಣೆ ಮುಗಿಯುವವರೆಗೆ ಪುಕ್ಕಟೆ ಪ್ರಚಾರ ಮಾಡಿತು. ಚೀಲದಕ್ಕ ನಾಚಿಕೊಂಡು ಅಂಗಿಯನ್ನು ಬಿಚ್ಚಿಸಿ ಹೆಗಲು ಹೊಲಿದುಕೊಟ್ಟಳು. ಎರಡು ಹೊಲಿಗೆ.

ನಾದಿನಿ ಅಳತೆಕೋಲನ್ನು ಮೇಜಿನ ಮೇಲೆ ಎಸೆದಳು. "ಅತ್ತಿಗೆ, ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ, ಹೋಗ್ಲಿ. ಸುಳ್ಳು ಹೊಲಿಯಕ್ಕೂ ಬರಲ್ವಲ್ಲ."

"ಕೈ ಕೇಳಲ್ಲ ಕಣೇ, ನಾನೇನ್ ಮಾಡ್ಲಿ," ಅಂದಳು ಚೀಲದಕ್ಕ. ನಗುತ್ತಲೇ ಅಂದಳು, ಆದರೆ ಹೊದಿಕೆ ಹೊದ್ದ ಮಷೀನುಗಳ ಕಡೆ ತಿರುಗಲಿಲ್ಲ.

ಮರುದಿನ ಮಧ್ಯಾಹ್ನ ಮಾತಣ್ಣನೇ ಬಂದ. ಬೆಂಬಲಿಗರನ್ನು ಹೊರಗೆ ನಿಲ್ಲಿಸಿ, ಮ್ಯಾನೇಜರನ್ನು ಮಾತ್ರ ಕರೆದುಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಹತ್ತಿರದಿಂದ ನೋಡಿದರೆ ಒಳ್ಳೆಯ ಮುಖವೇ. ಐದು ವರ್ಷದಲ್ಲಿ ಚೀಲದ ಮೇಲಿನ ಮುಖದಷ್ಟೇ ಇದೂ ಸವೆದಿತ್ತು. ಸೇತುವೆಗೆ ತಾನು ಓಡಾಡಿದ್ದು, ರೈಲ್ವೆಯವರು ಒಪ್ಪಿದರೆ ಊರ ಕಚೇರಿಯವರು ಒಪ್ಪದೆ, ಇವರು ಒಪ್ಪಿದರೆ ನಕ್ಷೆ ಕಳೆದು, ಆಮೇಲೆ ತಾನೂ ಸುಸ್ತಾಗಿ ಬಿಟ್ಟದ್ದು, ಎಲ್ಲವನ್ನೂ ಮೈಕು ಇಲ್ಲದ ದನಿಯಲ್ಲಿ ಹೇಳಿದ.

"ನಮ್ಮನೇಲೂ ಅದೇ ಚೀಲ, ಅಕ್ಕ," ಎಂದ. "ಬಾಗಿಲ ಹಿಂದೆ ಮೊಳೆಗೆ ನೇತಾಕಿದಾಳೆ ನನ್ನ ಹೆಂಡತಿ. ದಿನಾ ಹೊರಗೆ ಹೊರಟಾಗ ಎರಡೇ ವರ್ಷ, ಎರಡೇ ವರ್ಷ ಅಂತದೆ. ಬಿಸಾಕು ಅಂದ್ರೆ ಗಟ್ಟಿ ಚೀಲ ರೀ ಅಂತಾಳೆ. ಹೇಗಾದ್ರೂ ಮಾಡಿ ಈ ಸಲ ಹರಿಯೋ ಚೀಲ ಹೊಲಿದು ಕೊಡಿ."

ಚೀಲದಕ್ಕ ಮಷೀನಿನಿಂದ ಎದ್ದಳು. ನಿನ್ನೆಯ ಮಾದರಿಯನ್ನು ಅವನ ತೊಡೆಯ ಮೇಲಿಟ್ಟಳು.

"ನಾನು ಮೂರು ಸಲ ನೋಡಿದೆ ಅಣ್ಣ, ನನ್ನಿಂದ ಆಗಲ್ಲ. ಬೇಕಾದ್ರೆ ಆರ್ಡರ್ ಫ್ಯಾಕ್ಟರಿಗೆ ಕೊಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ನನ್ನ ಹತ್ರ ಮಾಡಿಸೋದಾದ್ರೆ ಚೀಲ ತೆಳ್ಳಗೆ ಮಾಡು ಅನ್ಬೇಡಿ. ನೀವು ಅದರ ಮೇಲೆ ಹಾಕಕ್ಕೆ ಗಟ್ಟಿ ಮಾತು ತನ್ನಿ. ಐದು ವರ್ಷ ನಿಮ್ಮ ಹೆಂಡತಿ ಅದನ್ನ ಹಿಡ್ಕೊಂಡು ಪೇಟೆಗೆ ಹೋಗ್ಬೇಕು, ಅಂಥದ್ದು."

ಅವಳ ಜನ್ಮದಲ್ಲೇ ಅಷ್ಟು ಉದ್ದದ ಭಾಷಣ ಅದೊಂದೇ. ನಾದಿನಿಯ ಕತ್ತರಿ ನಿಂತುಹೋಯಿತು. ಇನ್ನೊಬ್ಬನಾಗಿದ್ದರೆ ಎದ್ದು ಹೋಗುತ್ತಿದ್ದ. ಮಾತಣ್ಣ ಮಾತನ್ನೇ ಬ್ರ್ಯಾಂಡು ಮಾಡಿಕೊಂಡವನು. ಸವಾಲು ಅವನ ಕಸುಬಿಗೇ ಬಂದಿತ್ತು. ಕೂತಲ್ಲೇ ಕಣ್ಣು ಮುಚ್ಚಿ ಶುರುಮಾಡಿದ.

ಹೊಸ ಬೆಳಕು, ಹೊಸ ದಾರಿ ಅಂದ. ನಮ್ಮ ಬೀದಿದೀಪ ಉರಿದು ಆರು ತಿಂಗಳಾಯಿತು ಅಂದಳು ನಾದಿನಿ. ನಿಮ್ಮ ಮನೆಮಗ ಅಂದ. ಹಾಗಾದರೆ ನಾಳೆಯಿಂದ ಗೇಟಿನಲ್ಲಿ ಅಮ್ಮಂದಿರ ಜೊತೆ ಚೀಲ ಹಿಡಿದು ನಿಲ್ಲಬೇಕಾಗುತ್ತದೆ ಅಂದಳು. ಮ್ಯಾನೇಜರು ತಾನೂ ನಾಲ್ಕು ವಾಕ್ಯ ಕೊಟ್ಟ. ಅವು ಎಷ್ಟು ಹಗುರವಾಗಿದ್ದವೆಂದರೆ ಫ್ಯಾನಿನ ಗಾಳಿಗೆ ಕಿಟಕಿಯಿಂದ ಆಚೆ ಹಾರಿಹೋದವು. ನಾನು ಬಾಗಿಲಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಹೀಗೆ ನಲವತ್ತು ವಾಕ್ಯ ಬಿದ್ದವು.

ಆಗ ಹಿಂದಿನ ಮೇಜಿನಿಂದ ಗಂಡನ ದನಿ ಬಂತು. ಅದು ಯಾರ ದನಿ ಎಂದು ನಮಗೆ ತಿಳಿಯಲೇ ಒಂದು ಗಳಿಗೆ ಬೇಕಾಯಿತು.

"ಸೇತುವೆ ಆಗಿಲ್ಲ ಅಂತ ಹಾಕಿ."

ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತ. ತಮ್ಮ ತಪ್ಪನ್ನು ತಾವೇ ಅಚ್ಚು ಹಾಕಿಸಿ ಹಂಚಿದವರು ಪ್ರಪಂಚದಲ್ಲಿ ಉಂಟೇ ಎಂದ. ಮಾತಣ್ಣ ಮಾತ್ರ ತೊಡೆಯ ಮೇಲಿನ ಚೀಲವನ್ನು ಎರಡು ಕೈಯಿಂದ ಒಮ್ಮೆ ಜಗ್ಗಿ ನೋಡಿದ. ಆಮೇಲೆ ನಿಧಾನವಾಗಿ ಎಡ ಅಂಗೈ ಮೇಲೆ ಬಲಗೈ ಇಟ್ಟ, ತಟ್ಟಲಿಲ್ಲ.

"ಸೇತುವೆ ಆಗಿಲ್ಲ. ಕೇಳ್ತಾ ಇರಿ," ಎಂದ.

ಚೀಲದಕ್ಕ ಒಂದು ಕ್ಷಣ ಯೋಚಿಸಿದಳು. "ಇದು ತಡೀತದೆ," ಎಂದು ಎರಡು ಮಷೀನುಗಳ ಹೊದಿಕೆ ಎಳೆದಳು.

ಹತ್ತು ಸಾವಿರ ಚೀಲ ಹೋದವು, ಎಲ್ಲಕ್ಕೂ ಜೋಡಿ ಹೊಲಿಗೆ. ಊರೆಲ್ಲ ನಕ್ಕಿತು, ಮೆಚ್ಚಿತು, ಚೀಲ ತೆಗೆದುಕೊಂಡಿತು. ಮಾತಣ್ಣ ಸೋತ. ಎಷ್ಟು ಕಡಿಮೆ ವೋಟಿನಿಂದ ಅಂದರೆ, ಆ ದಿನ ನೆಗಡಿಯಾಗಿ ಮನೆಯಲ್ಲುಳಿದ ನಮ್ಮ ಬೀದಿಯವರು ಮೂಗು ಒರೆಸಿಕೊಂಡು ಬಂದಿದ್ದರೆ ಗೆಲ್ಲುತ್ತಿದ್ದ. ಗೆದ್ದವನು ಹಳದಿ ಬಣ್ಣದವನು.

ಆದರೆ ಚೀಲಕ್ಕೆ ಯಾರು ಗೆದ್ದರೆಂದು ಯಾರು ಹೇಳಬೇಕು? ವರ್ಷದೊಳಗೆ ಒಗೆದು ಒಗೆದು ಮಾತಣ್ಣನ ತಿಳಿನೀಲಿ ಮುಖ ಅಳಿಸಿಹೋಯಿತು. ಗಂಡ ಒತ್ತಿ ಎಳೆದಿದ್ದ ಕಪ್ಪಕ್ಷರದ "ಸೇತುವೆ ಆಗಿಲ್ಲ. ಕೇಳ್ತಾ ಇರಿ" ಉಳಿಯಿತು. ಯಾರನ್ನು ಕೇಳಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಜನ ಹಳದಿಯವನನ್ನೇ ಕೇಳತೊಡಗಿದರು. ಟೇಪು ಕತ್ತರಿಸಲು ಹೋದರೆ ಕೇಳಿದರು, ಕ್ಷೌರಕ್ಕೆ ಕೂತರೆ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಕೇಳಿದರು. ಬೇಸತ್ತು ಅವನು ಹಳೆಯ ಚೀಲ ಕೈಬಿಟ್ಟವರಿಗೆ ಹೊಸ ಹಳದಿ ಚೀಲ ಕೊಡುತ್ತೇನೆಂದು ಸಾರಿದ. ಜನ ಹಳೆಯದನ್ನು ಮನೆಯಲ್ಲಿಟ್ಟು, ಕಳೆದುಹೋಯಿತೆಂದು ಹೇಳಿ ಹಳದಿಯದನ್ನು ತಂದರು. ಅದು ಸಂಜೆಗೇ ಹರಿಯಿತು. ಬಿದ್ದ ಈರುಳ್ಳಿಯನ್ನು ಹಳೆಯ ಚೀಲಕ್ಕೇ ತುಂಬಿಕೊಂಡರು.

ಮೂರನೆಯ ವರ್ಷ ಸೇತುವೆ ಬಂತು.

ಈಗ ಯಾವ ಅಭ್ಯರ್ಥಿಯೂ ಚೀಲದಕ್ಕನ ಬಾಗಿಲಿಗೆ ಬರುವುದಿಲ್ಲ. ದೆವ್ವ ಕಂಡವರ ಹಾಗೆ ಬೀದಿಯ ಆಚೆ ಬದಿಯಿಂದ ಹೋಗುತ್ತಾರೆ. ಬರುವವರು ಮಾರ್ಕೆಟ್ಟಿನವರು, ಅಂಚೆಯವರು, ಸಿಮೆಂಟು ಹೊರುವವರು. ಕಿಟಕಿಯ ಕೆಳಗೆ ನಾಲ್ಕನೆಯ ಮಷೀನು ಬಂದಿದೆ.

ಸೇತುವೆ ತೆರೆದ ದಿನ ಹಳದಿಯವನು ಭಾಷಣ ಮಾಡಿದ. ಗುಂಪಿನ ಹಿಂದೆ ಬಿಳಿ ಅಂಗಿಯ ಮಾತಣ್ಣ, ಪಕ್ಕದಲ್ಲಿ ಹೆಂಡತಿ, ಅವಳ ಕೈಯಲ್ಲಿ ಚೀಲ. ನಮ್ಮ ಚೀಲದಕ್ಕ ಬಟ್ಟೆಯ ಗಂಟು ಹೊತ್ತು ಎಲ್ಲರಿಗಿಂತ ಮುಂಚೆ ಮೆಟ್ಟಿಲು ಹತ್ತಿದಳು. ನಡುಸೇತುವೆಯಲ್ಲಿ ಗಂಟು ಇಳಿಸಿ, ಪಕ್ಕದ ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಚೀಲದ ಪರೀಕ್ಷೆಗೆ ಕೊಕ್ಕೆಯಲ್ಲಿ ನೇತಾಡುವ ಹಾಗೆ ಜೋತುಬಿದ್ದಳು. ಕೆಳಗೆ ಭಾಷಣ ನಿಂತಿತು. ಕಂಬಿ ಒಂದು ಕೀಲಿನಲ್ಲಿ ಕಿರ್ರೆಂದಿತು.

"ಇಲ್ಲಿ ಒಂದೇ ಹೊಲಿಗೆ ಹಾಕಿದಾರೆ," ಎಂದು ಅವಳು ಮೇಲಿನಿಂದ ಹೇಳಿದಳು.

ಮಾರನೆಯ ದಿನ ವೆಲ್ಡಿಂಗಿನವನು ಬಂದು ಆ ಕೀಲಿಗೆ ಇನ್ನೊಂದು ಎಳೆ ಎಳೆದ. ಅವನು ಸಾಮಾನು ಕಟ್ಟಿಕೊಳ್ಳುವ ಮುಂಚೆ ಚೀಲದಕ್ಕ ಅದರ ಮೇಲೊಂದು ಗುಣಿಸು ಗುರುತನ್ನೂ ಹಾಕಿಸಿದಳು.